ಪಟ್ಟಿ

ಹನ್ನೊಂದು ರೂಪಾಯಿಂದ ಸುರುವಾತು.
ಮುಸ್ಲಿಂ ಚೌಕದ ರೇಡಿಯೋ ರಿಪೇರಿ ಬಾಬುಮಿಯಾ
ವಹಿಯ ಮೊದಲ ಸಾಲಿನಾಗ ತನ್ನ ಹೆಸರು ತಾನೇ ಬರದ,
ಉರ್ದುದಾಗ, ಬಲದಿಂದ ಎಡಕ್ಕ.
ಎರಡನೇ ಸಾಲಿಂದ ನಾನು ಹಿಡಿದೆ, ಎಡದಿಂದ ಬಲಕ್ಕ.

ಗಣಪತಿ ಪಟ್ಟಿ, ಉರುಸಿನ ಪಟ್ಟಿ, ಬೋರ್‌ವೆಲ್ ಪಟ್ಟಿ,
ಕೊಟ್ಟು ರೂಢಿ ಇದ್ದ ಊರು.
ಇದು ಯಾತರದವ್ವಾ ಅಂತ ಕೇಳಿದವರಿಗೆ ಹ್ಯಾಂಗ ಹೇಳಲಿ?
ನಲವತ್ತಕ್ಕ ಎರಡು ಕಮ್ಮಿ ವಯಸ್ಸಿನ ಕಂಪ್ಯೂಟರಿಗೆ
ಕನ್ನಡ ಕಲಸಬೇಕಾಗ್ಯದ, ಅಂದೆ.
“ಈ ವಯಸ್ಸಿನಾಗ?” ಅಂದ ಪಾನ್ ಡಬ್ಬಿಯ ತುಳಜಪ್ಪ.
ಆದರೂ ಐವತ್ತು ಕೊಟ್ಟ.

ಒಂದು ಕಾಲಕ್ಕ ಸರಕಾರ ಸಾಲಿಗೆ ಕೊಟ್ಟ ಮಶೀನು,
ಟೀವಿಗೆ ಜೋಡಿಸಿದರ ಕಣ್ಣು ತೆರೀತಾವ.
ಗುಜರಿಯಿಂದ, ಬೀಗ ಹಾಕಿದ ಸ್ಟೋರ್ ರೂಮಿನಿಂದ,
ಒಂದನ್ನಂತೂ ಕೋಳಿಗೂಡಿನ ಬಾಗಿಲಿಗೆ ಆಸರ ಇಟ್ಟಿದ್ದರು,
ಹಂಗ ಬದುಕಿಸಿ ತಂದವು ನಮ್ಮ ಜಿಲ್ಲೆದಾಗ ಏಳು.
ಬೀದರದಾಗ ಮೂರು, ಯಾದಗಿರಿದಾಗ ಒಂದೂವರೆ.
ಆ ಅರ್ಧಕ್ಕ ಕೀಬೋರ್ಡ್ ಇಲ್ಲ.

“ಪುಕ್ಕಟ ಮಾಡಬ್ಯಾಡ” ಅಂದಾಕಿ
ಐಟಿಐದಾಗ ಕಲಿಸಿ ರಿಟೈರ್ ಆದ ಚಂದ್ರಭಾಗಾ ಬಾಯಿ,
“ಪುಕ್ಕಟದ ಕೆಲಸ ಅರ್ಧಕ್ಕ ನಿಲ್ತದ.”
ತಿಂಗಳಿಗೆ ನಾಲ್ಕು ಸಾವಿರ, ಐದು ತಿಂಗಳು, ಇಪ್ಪತ್ಮೂರು ಮಂದಿ.
ಹಗಲು ಕಪನೂರಿನ ಬ್ಯಾಳಿ ಮಿಲ್ಲಿನಾಗ ತೂಕದ ಚೀಟಿ ಬರದು
ರಾತ್ರಿ ಇದಕ್ಕ ಕುಂಡ್ರತಿದ್ದೆ, ತೊಗರಿ ಧೂಳು ರೆಪ್ಪಿ ಮ್ಯಾಲ.

ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ,
ಅಕ್ಷರಕ್ಕ ಅಷ್ಟೇ ಜಾಗ.
‘ರ’ ಸಲೀಸು ಕುಂತಿತು.
‘ಳ’ದ ಬಾಲಕ್ಕ ಮೂರು ರಾತ್ರಿ ಹೋದವು,
ಇವತ್ತಿಗೂ ಒಂದು ಚುಕ್ಕಿ ಗಿಡ್ಡ.
ಕಲಬುರಗಿ ಅನ್ನೋದು ಮೊದಲ ವಾರದಾಗೇ ಬಂತು.
ಒಂದೂ ಒತ್ತಿಲ್ಲ ಈ ಹೆಸರಿನಾಗ.
ಇಲ್ಲೇ ಹುಟ್ಟಿ ಬೆಳೆದಾಕಿ, ಅಲ್ಲಿತನಕ ನೋಡೇ ಇರಲಿಲ್ಲ.

ಮೂರನೇ ತಿಂಗಳು ಬೀದರದ ಜೈರಾಜಣ್ಣನ ಫೋನು:
“ನನ್ನ ಎರಡು ಸಾವಿರ ಎಲ್ಲಿ ಅದ, ತೋರಸು.”
ಒಂದು ಚುಕ್ಕಿ ಎಡಕ್ಕ ಸರಿದದ್ದನ್ನ
ಫೋನಿನಾಗ ಹ್ಯಾಂಗ ತೋರಸಲಿ?
ಸುಮ್ಮನಿದ್ದೆ. ಅವನೂ ಇಟ್ಟ.

ಕಡೆಗೆ ಉಳಿದದ್ದು ಇನ್ನೂರ ಹನ್ನೆರಡು ಬೈಟು.
ಕೊಟ್ಟವರೆಲ್ಲರ ಹೆಸರು ಸುರುವಿಗೆ ಕಾಣಸ್ತೀನಿ ಅಂತ ಮಾತು ಕೊಟ್ಟಿದ್ದೆ,
ಅದಕ್ಕೇ ನೂರ ಎಂಬತ್ತು ಬೇಕು.
ಅರ್ಕಾವತ್ತು ಇನ್ನೂ ಬರೆದಿರಲಿಲ್ಲ.

ಐತವಾರ, ಚಂದ್ರಭಾಗಾ ಬಾಯಿ ಮಾಳಗಿ ಮ್ಯಾಲ,
ಕರೆಂಟ್ ಬಂದ ಕೂಡಲೇ ಬಾಬುಮಿಯಾ ಒಂದೊಂದೇ ಕೀಲಿ ಒತ್ತಿದ.
“ಹಳೇ ಮಶೀನು, ಹಳೇ ಹೆಸರು” ಅಂದ.
ಹಿಂದಿನ ತಗಡಿನ ಮ್ಯಾಲ ಕೊರೆದಿದ್ದೂ ಅದೇ.
ಪರದೆ ಮ್ಯಾಲ ಗುಲ್ಬ ಬಂತು, ಖಾಲಿ ಚೌಕ ಒಂದು, ಆಮ್ಯಾಲ ಗಾ.
ಯಾರೋ ನಕ್ಕರು. ಮತ್ತ ಯಾರೂ ನಗಲಿಲ್ಲ.

ನಾಲಿಗಿ ಮೊದಲು ಅನ್ನೋದನ್ನ ಕೈ ಹಿಂದಿಂದ ಬರೀತದ,
ನಮಗ ಅದು ಗೊತ್ತೇ ಆಗಲ್ಲ.
ಮಶೀನಿಗೆ ಬಿಡಿಸಿ ಹೇಳಬೇಕು:
ಬಂದದ್ದನ್ನ ಕೈಯಾಗ ಹಿಡಿ, ತೋರಸಬ್ಯಾಡ,
ಮುಂದಿಂದು ಬಂದು ಕುಂಡ್ರಲಿ,
ಆಮ್ಯಾಲ ಅದರ ಬೆನ್ನಿಗೆ ಇದನ್ನ ಇಡು.
“ಅಂದರ ನನ್ನ ಎರಡು ಸಾವಿರಧಂಗ” ಅಂದ ಜೈರಾಜಣ್ಣ,
ಚಹಾದ ಬಶಿ ಕೆಳಗಿಟ್ಟು.

ಹೆಸರು ತಗಿ, ಅಂದರು.
ಕೈ ಎತ್ತಿಸಿ ಎಣಿಸಿದೆವು, ಇಪ್ಪತ್ತೆರಡು.
ಬರದವ ತುಳಜಪ್ಪ ಒಬ್ಬನೇ; ಡಬ್ಬಿ ಬಿಟ್ಟು ಬರಂಗಿಲ್ಲ.
ಅವನ್ನ ಅಲ್ಲೇ ಹೋಗಿ ಕೇಳಿದೆ.
ಸುಣ್ಣ ಸವರತಾ ತಲಿ ಎತ್ತದೇ ಅಂದ:
“ಐವತ್ತು ಕೊಟ್ಟೀನಿ. ಹೆಸರು ಬೇಕು.”

ಅರ್ಕಾವತ್ತಿಗೆ ನೂರ ತೊಂಬತ್ತಾರು ಹೋಯ್ತು.
ಉಳಿದ ಹದಿನಾರರಾಗ ಅವನದೊಂದು ಹಿಡಿಸಿತು.

ಈಗ ಮೂರು ಜಿಲ್ಲೆದಾಗ, ಹನ್ನೊಂದೂವರೆ ಮಶೀನು,
ಯಾರು ಯಾವಾಗ ಹಚ್ಚಿದರೂ
ಕರಿ ಪರದೆ ಮ್ಯಾಲ ಮೊದಲು ಬರೋದು ತುಳಜಪ್ಪ,
‘ಳ’ದ ಬಾಲ ಒಂದು ಚುಕ್ಕಿ ಗಿಡ್ಡ.
ಅವ ಇನ್ನೂ ನೋಡಿಲ್ಲ.
ಬಾ ಅಂದರ, ಗಿರಾಕಿ ಅದಾವ ಅಂತಾನ.